ಮೊಹರು ಬಿದ್ದ ದಾಳಿ

ಐನ್ ಹಮ್ರಾ ಪುರಸಭೆಯ ಮೊಹರು ಗುಮಾಸ್ತ ಬೂಜಮಾನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ರಕ್ತದೊತ್ತಡ ಇರಲಿಲ್ಲ, ಐವತ್ತೆರಡು ದಾಟಿದರೂ ಮಂಡಿ ನೋಯುತ್ತಿರಲಿಲ್ಲ. ಅವನಿಗಿದ್ದದ್ದು ಒಂದೇ ಕಾಯಿಲೆ. ಅದರ ಹೆಸರು ಮಿಲೂದ್. ಅದು ಪಕ್ಕದ ಮನೆಯಲ್ಲೇ ವಾಸವಾಗಿತ್ತು, ಮೇಲಾಗಿ ಅವನ ಹೆಂಡತಿ ಖೈರಾಳ ಒಡಹುಟ್ಟಿದ ಅಣ್ಣನೂ ಆಗಿತ್ತು.

ಮಿಲೂದ್ ಊರಿನ ಕ್ಷೌರಿಕ. ಓಣಿಯಲ್ಲಿ ಮೊದಲು ಫ್ರಿಜ್ಜು ತಂದವನು ಅವನೇ. ಬೂಜಮಾ ಎರಡು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ತಾನೂ ಒಂದು ಫ್ರಿಜ್ಜು ತಂದು, ಬಾಗಿಲು ತೆರೆದು ಅದರ ದೀಪ ಬೀದಿಗೆ ಕಾಣುವಂತೆ ನಿಲ್ಲಿಸಿದ. ಅದೇ ವಾರ ಮಿಲೂದ್ ಹಜ್ ಯಾತ್ರೆಗೆ ಹೊರಟ. ಫ್ರಿಜ್ಜಿಗೆ ಎದುರಾಗಿ ಫ್ರಿಜ್ಜು ತರಬಹುದು, ಹಜ್ಜಿಗೆ ಎದುರಾಗಿ ಯಾವ ಅಂಗಡಿಯಿಂದ ಏನು ತರುವುದು? ಹೋದವನು ಹಾಜಿಯಾಗಿ ಬಂದ, ಹಾಜಿಗಳ ಕತ್ತರಿಗೆ ತಲೆ ಕೊಡುವುದೇ ಪುಣ್ಯವೆಂದು ಗಿರಾಕಿಗಳೂ ಹೆಚ್ಚಿದರು. ಅವನ ಅಂಗಳದ ಅಂಜೂರದ ಮರ ಕೂಡ ಗೋಡೆ ದಾಟಿ ಬಾಗಿ ಇವನ ಅಂಗಳಕ್ಕೆ ಹಣ್ಣು ಉದುರಿಸುತ್ತಿತ್ತು. ಬೂಜಮಾ ಆ ಹಣ್ಣನ್ನು ಬೈದುಕೊಂಡೇ ತಿನ್ನುತ್ತಿದ್ದ. ಸಿಹಿಯಾಗಿರುತ್ತಿತ್ತು, ಅದಕ್ಕೂ ಬೈಯುತ್ತಿದ್ದ.

ಹಾಗೆಂದು ಬೂಜಮಾ ಬರೀ ಕೈಯವನಲ್ಲ. ನಮ್ಮ ದೇಶದಲ್ಲಿ ಒಬ್ಬ ಹುಟ್ಟಿದ್ದಾನೆ ಎನ್ನಲು ಅವನೇ ಬಂದು ಎದುರಿಗೆ ನಿಂತರೆ ಸಾಲದು, ಮೊಹರು ಬಿದ್ದ ಹನ್ನೆರಡು ಪ್ರತಿ ಬೇಕು. ಆ ಮೊಹರು ಇಪ್ಪತ್ತಾರು ವರ್ಷದಿಂದ ಬೂಜಮಾನ ಕೈಯಲ್ಲಿತ್ತು. ಆದರೆ ಮಿಲೂದನೂ ಒಮ್ಮೆ ಹುಟ್ಟಿದ್ದನಲ್ಲ, ಅವನ ಪ್ರತಿಗಳಿಗೂ ಇವನೇ ಮೊಹರು ಒತ್ತಬೇಕಾಗಿತ್ತು. ಒತ್ತುವಾಗ ಸ್ವಲ್ಪ ಓರೆಯಾಗಿ ಒತ್ತುತ್ತಿದ್ದ, ಅಷ್ಟೆ.

ಆ ವರ್ಷ ಮಾತ್ರ ಕಾಲ ತಿರುಗಿತ್ತು, ಯಾಕೆಂದರೆ ಬೂಜಮಾನ ಅಂಗಳದಲ್ಲಿ ಪಾಷಾ ಇದ್ದ.

ಪಾಷಾ ಎಂದರೆ ಟಗರು. ಬಕ್ರೀದಿಗೆಂದು ಹನ್ನೊಂದು ತಿಂಗಳು ಬಾರ್ಲಿ ತಿನ್ನಿಸಿ ಸಾಕಿದ್ದು. ಅದರ ಕೊಂಬು ಎರಡು ಸುತ್ತು ಸುತ್ತಿ ಮೂರನೆಯದಕ್ಕೆ ಹೊರಟಿತ್ತು. ಸರ್ಕಾರಿ ಅಂಗಡಿಯ ಮುಂದೆ ಕಾಫಿಪುಡಿಗೆ ಸಾಲು ನಿಂತ ಜನ ಸರದಿ ಬಿಟ್ಟು ಬಂದು ನೋಡಿ ಹೋಗುತ್ತಿದ್ದರು. ಮಿಲೂದನ ಟಗರು ಇದರ ಪಕ್ಕದಲ್ಲಿ ನಿಂತರೆ ಯಾರೋ ಕಟ್ಟಿಹಾಕಿ ಮರೆತುಹೋದ ಮೇಕೆಯ ಹಾಗೆ ಕಾಣುತ್ತಿತ್ತು. ಹಬ್ಬಕ್ಕೆ ಹದಿನೆಂಟು ದಿನ ಇರುವಾಗ ಮಿಲೂದನೇ ಬಂದ. ಪಾಷಾನ ಮುಂದೆ ಕುಕ್ಕರಗಾಲಲ್ಲಿ ಕೂತ. ಬಹಳ ಹೊತ್ತು ಕೊಂಬು ನೋಡಿದ.

"ಚೆನ್ನಾಗಿದೆ" ಎಂದ. ಎದ್ದು ಹೋದ.

"ಅಷ್ಟೇನಾ? ಬರೀ ಚೆನ್ನಾಗಿದೆಯಾ?" ಬೂಜಮಾ ಹೆಂಡತಿಯ ಕಡೆ ತಿರುಗಿದ. "ಮೆಚ್ಕೊಂಡು ಒಂದು ಮಾಷಾ ಅಲ್ಲಾ ಅನ್ನೋಕೂ ನಿಮ್ಮಣ್ಣನಿಗೆ ನಾಲಿಗೆ ಬರ್ಲಿಲ್ವಲ್ಲೇ! ನಾನು ಏನು ಮಾಡಿದ್ರೂ ಅವನ ಕಣ್ಣಿಗೆ ಕಸ."

"ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ ಅಂತಾನೇ ಅಲ್ವೇನ್ರೀ" ಎಂದಳು ಖೈರಾ, ಕುಸ್‌ಕುಸ್‌ನ ರವೆ ಜರಡಿ ಹಿಡಿಯುತ್ತ. ಆ ಜರಡಿ ಬೂಜಮಾನ ಮುತ್ತಜ್ಜನ ಕಾಲದ್ದು. ಅದರ ವಿಚಾರ ಆಮೇಲೆ ಬರುತ್ತದೆ.

ಮೂರು ದಿನ ಕಳೆದು ಬೂಜಮಾ ಗಡ್ಡ ಬೋಳಿಸಿಕೊಳ್ಳಲು ಮಿಲೂದನ ಅಂಗಡಿಗೆ ಹೋದ. ಊರಿಗೆ ಇರುವುದೇ ಒಂದು ಕ್ಷೌರದಂಗಡಿ, ಹೊಟ್ಟೆಕಿಚ್ಚಿಗೆಂದು ಗಡ್ಡ ಬಿಡಲಾಗುತ್ತದೆಯೇ? ಎಡಗೆನ್ನೆ ಮುಗಿದಿತ್ತು, ಬಲಗೆನ್ನೆಗೆ ನೊರೆ ಹಚ್ಚಿತ್ತು. ಆಗ ಒರಾನ್ ವಿಶ್ವವಿದ್ಯಾಲಯದಿಂದ ನಜೀಬ್ ಎಂಬ ಕನ್ನಡಕದ ತರುಣ ಒಳಗೆ ಬಂದ. ಜೊತೆಗೆ ಒಬ್ಬ ಪತ್ರಿಕೆಯವನು, ಅವನ ಕೊರಳಲ್ಲಿ ಕ್ಯಾಮೆರಾ.

"ಹಾಜಿ ಮಿಲೂದ್ ಅಂದ್ರೆ ತಾವೇನಾ? ಹಳೇ ಗಜ್ಯಾ ಕಥೆಗಳು ಈ ಸೀಮೇಲಿ ನಿಮ್ಗೇ ಗೊತ್ತಿರೋದು ಅಂದ್ರು."

ಗಜ್ಯಾ ಎಂದರೆ ನಮ್ಮ ಬಯಲು ಸೀಮೆಯ ಹಳೆಯ ದಾಳಿ. ನಸುಕಿನಲ್ಲಿ ಕುದುರೆ ಏರಿ ಬಂದು, ಮಲಗಿದ್ದವರ ಕುರಿ ಒಂಟೆ ಹೊಡೆದುಕೊಂಡು, ಅವರು ಕಣ್ಣುಜ್ಜುವಷ್ಟರಲ್ಲಿ ಧೂಳಾಗಿ ಹೋಗುವುದು. ಮಿಲೂದ್ ಕತ್ತಿ ಕೆಳಗಿಟ್ಟ. ಇಟ್ಟವನು ಒಂದು ಗಂಟೆ ಮತ್ತೆ ಎತ್ತಲಿಲ್ಲ. ತನ್ನ ಗರ್ಬೂಸ್ ಕುಲದ ಮೇಲೆ, ಫ್ರೆಂಚರು ಬಂದ ಹೊಸದರಲ್ಲಿ, ಪಡುವಣದಿಂದ ಬಂದ ಯಾರೋ ಸವಾರರು ನಡೆಸಿದ ಮಹಾ ಗಜ್ಯಾದ ಕಥೆಯನ್ನು ಅವನು ಕೈಕಾಲು ಬೀಸಿ ಹೇಳಿದ. ಮರುದಿನ ಆ ಹಾದಿಯಲ್ಲಿ ಬಂದ ಒಬ್ಬ ಫ್ರೆಂಚ್ ಅಧಿಕಾರಿ, ಅಳುತ್ತ ಕೂತಿದ್ದ ಮಿಲೂದನ ಮನೆತನದ ಅಜ್ಜಿಯೊಬ್ಬಳನ್ನು ಏನಾಯಿತೆಂದು ಕೇಳಿ, ಅವಳು 'ಗಜ್ಯಾ' ಎಂದ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡನಂತೆ.

ನಜೀಬ್ ಕುಣಿದಾಡಿದ. "ಆ ಮಾತು ಎಲ್ಲೆಲ್ಲಿಗೆ ಹೋಯ್ತು ಗೊತ್ತಾ ಹಾಜಿ? ಫ್ರೆಂಚರ ಬಾಯಲ್ಲಿ ರಝಿಯಾ ಆಯ್ತು. ಅಲ್ಲಿಂದ ಇಟಲಿ, ಸ್ಪೇನ್, ಪೋರ್ಚುಗಲ್. ಜರ್ಮನಿಯಲ್ಲಿ ಪೊಲೀಸರು ಯಾರದಾದ್ರೂ ಮನೆಗೆ ನುಗ್ಗಿ ಶೋಧಿಸಿದ್ರೆ ಅದಕ್ಕೂ ಇದೇ ಮಾತು! ಫ್ರಾನ್ಸಲ್ಲಿ ಮದುವೆ ಊಟದ ಮೇಜು ಖಾಲಿ ಮಾಡಿದ್ರೂ ಇದೇ ಮಾತು!"

"ಅಂದ್ರೆ ದೋಚೋದನ್ನ ಅವ್ರು ನಮ್ಮಿಂದ ಕಲಿತ್ರೋ?" ಎಂದ ಮಿಲೂದ್.

"ಕೆಲ್ಸ ಅವ್ರಿಗೆ ಮೊದ್ಲೇ ಚೆನ್ನಾಗಿ ಬರ್ತಿತ್ತು ಹಾಜಿ. ಹೆಸ್ರು ಮಾತ್ರ ನಮ್ಮಿಂದ ತಗೊಂಡ್ರು."

"ಹಾಗಾದ್ರೆ ಅದು ಹೊರಟಿದ್ದು ನಮ್ಮನೆಯಿಂದ!"

"ಇದ್ದರೂ ಇರಬಹುದು" ಎಂದ ನಜೀಬ್. ಓದಿದವನಲ್ಲವೇ, ಎಚ್ಚರದಿಂದ ಮಾತಾಡಿದ. ಪತ್ರಿಕೆಯವನು ಎರಡು ಪದ ಬಿಟ್ಟು ಉಳಿದದ್ದನ್ನು ಬರೆದುಕೊಂಡ. ಆ ಎರಡು ಪದ 'ಇದ್ದರೂ' ಮತ್ತು 'ಇರಬಹುದು'.

ಬಲಗೆನ್ನೆಯ ನೊರೆ ಒಣಗಿ ಚರ್ಮ ಎಳೆಯುತ್ತಿತ್ತು. ಬೂಜಮಾ ಎರಡು ಸಲ ಕೆಮ್ಮಿದ. ಯಾರೂ ತಿರುಗಲಿಲ್ಲ. ಕೊನೆಗೆ ಅರ್ಧ ಗಡ್ಡದಲ್ಲೇ ಎದ್ದು ಮನೆಗೆ ನಡೆದ.

ಶನಿವಾರ ಪತ್ರಿಕೆ ಬಂತು. 'ಯುರೋಪಿಗೆ ಮಾತು ಕೊಟ್ಟ ಮನೆ' ಎಂಬ ದಪ್ಪಕ್ಷರದ ಕೆಳಗೆ ಮಿಲೂದ್ ಎದೆಯ ಮೇಲೆ ಕೈಯಿಟ್ಟು ನಿಂತಿದ್ದ. ಅವನ ಹಿಂದೆ ಕುರ್ಚಿಯಲ್ಲಿ ಒಂದು ನೊರೆಯ ಮುದ್ದೆ. ಅದರ ಹೆಸರು ಎಲ್ಲೂ ಹಾಕಿರಲಿಲ್ಲ.

"ಇದು ಯಾರಪ್ಪಾ?" ಎಂದು ಚಹಾದಂಗಡಿಯಲ್ಲಿ ಒಬ್ಬ ಕೇಳಿದ.

"ಅದಾ? ಸಾಬೂನು."

ಬೂಜಮಾ ಅಲ್ಲೇ ಕೂತಿದ್ದ. ಪುದೀನಾ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದ. ಈ ಊರಿನಿಂದ ವಾರಕ್ಕೆ ಎರಡು ಬಸ್ಸು ಬಿಟ್ಟರೆ ಬೇರೇನೂ ಹೊರಗೆ ಹೋಗಿದ್ದಿಲ್ಲ. ಹೋಗಿದ್ದು ಒಂದೇ ಒಂದು ಮಾತು, ಅದೂ ಮಿಲೂದನ ಮನೆಯಿಂದಲೇ ಹೋಗಬೇಕೇ? ಜರ್ಮನಿಯ ಪೊಲೀಸರಿಗೆ ಬೇರೆ ಮನೆ ಸಿಗಲಿಲ್ಲವೇ?

ಮನೆಗೆ ಬಂದವನು ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದ. ಪಾಷಾ ಕೂಡ ತಲೆ ಅತ್ತಿತ್ತ ತಿರುಗಿಸಿ ನೋಡಿತು. ಆರನೆಯ ಸುತ್ತಿಗೆ ಬೂಜಮಾ ಗಕ್ಕನೆ ನಿಂತ.

"ಖೈರಾ! ಕುರಿ ಕಳ್ಕೊಂಡು ಅಳ್ತಾ ಕೂತವ್ರಿಗೆ ಎಂಥಾ ಕೀರ್ತಿಯೇ? ಗಜ್ಯಾ ಮಾಡಿದ್ದು ಯಾರು? ಅವ್ರದ್ದಲ್ವಾ ಮಾತು? ಬಾರಿಸಿದವನದ್ದೋ, ಬಾರಿಸಿಕೊಂಡವನದ್ದೋ?"

"ಬಾರಿಸಿದವ್ರು ಯಾರು ಅಂತ ಯಾರಿಗೂ ಗೊತ್ತಿಲ್ವಂತಲ್ರೀ."

ಆ ಜಾಗ ಖಾಲಿ ಇದೆ ಎನ್ನುವುದು ಬೂಜಮಾನಿಗೆ ಆಗಲೇ ಹೊಳೆದಿತ್ತು. ಪುರಸಭೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವನು ಖಾಲಿ ಜಾಗ ಕಂಡರೆ ಭರ್ತಿ ಮಾಡದೆ ಬಿಟ್ಟಾನೆಯೇ?

ಮರುದಿನ ಅವನು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂರುವ ಪತ್ರ ಬರೆಯುವವನ ಹತ್ತಿರ ಹೋಗಿ ಹೇಳಿ ಬರೆಸಿದ. 'ಸದರಿ ಗಜ್ಯಾವನ್ನು ಮುಂದೆ ನಿಂತು ನಡೆಸಿದವನು ನನ್ನ ಮುತ್ತಜ್ಜ, ಕರಿಕುದುರೆಯ ಜೆಲ್ಲೂಲ್. ನೂರು ಕುರಿ, ಹನ್ನೆರಡು ಒಂಟೆ, ಒಂದು ಚಂದದ ತಾಮ್ರದ ಹಂಡೆ ಹೊಡೆದುಕೊಂಡು ಬಂದನು. ಯುರೋಪಿನವರು ಕೃತಜ್ಞತೆ ಸಲ್ಲಿಸಬೇಕಾದ ಮನೆ ಹಾಜಿ ಮಿಲೂದನದ್ದಲ್ಲ, ಅದರ ಪಕ್ಕದ್ದು.'

"ಹಂಡೆ ಬೇಕಾ?" ಪತ್ರ ಬರೆಯುವವನು ಕೇಳಿದ.

"ಇರ್ಲಿ. ಹಂಡೆ ಇದ್ರೆ ನಿಜ ಅನ್ನಿಸುತ್ತೆ."

ಜೆಲ್ಲೂಲ್ ಮುತ್ತಜ್ಜ ಇದ್ದದ್ದು ನಿಜ. ಊರೂರು ಸುತ್ತಿ ಜರಡಿ ಮಾರುತ್ತಿದ್ದ. ಅವನ ಹತ್ತಿರ ಕರಿಯದು ಎಂದು ಇದ್ದದ್ದು ಒಂದು ಕತ್ತೆ, ಅದೂ ಮೂತಿಯ ಹತ್ತಿರ ಮಾತ್ರ. ಆದರೆ ಕತ್ತೆ ಕುದುರೆಯಾಗಲು ನೂರೈವತ್ತು ವರ್ಷ ಸಾಲದೇ? ಬೂಜಮಾ ಪತ್ರ ಮಡಚುವ ಮುನ್ನ ಒಂದು ಕ್ಷಣ ಯೋಚಿಸಿದ. ಬರೀ ಪತ್ರವನ್ನು ಯಾರು ನಂಬುತ್ತಾರೆ? ಕಚೇರಿಗೆ ಹೋಗಿ, ಮೊಹರಿಗೆ ಬಾಯಿಂದ ಬಿಸಿಯುಸಿರು ಊದಿ, ಪತ್ರದ ತಳದಲ್ಲಿ ಒತ್ತಿದ. ಅರ್ಧಚಂದ್ರ, ನಕ್ಷತ್ರ, 'ಮೂಲದೊಂದಿಗೆ ಸರಿಹೊಂದುತ್ತದೆ' ಎಂಬ ಸಾಲು, ಎಲ್ಲ ನೇರವಾಗಿ ಬಿತ್ತು. ಅವನ ಜೀವಮಾನದಲ್ಲಿ ಅಷ್ಟು ನೇರವಾಗಿ ಬಿದ್ದ ಮೊಹರು ಬೇರೆ ಇಲ್ಲ.

ಮೊಹರು ನೋಡಿದ ಪತ್ರಿಕೆಯವರು ಪತ್ರವನ್ನು ಮೊಹರಿನ ಸಮೇತ ಅಚ್ಚು ಹಾಕಿದರು. ಹಬ್ಬಕ್ಕೆ ಆಗ ಒಂಬತ್ತು ದಿನ ಇತ್ತು.

ಬೂಜಮಾನ ಕೀರ್ತಿ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಹತ್ತೂವರೆವರೆಗೆ ನಡೆಯಿತು. ಚಹಾದಂಗಡಿಯಲ್ಲಿ ಜನ ಎದ್ದು ಜಾಗ ಕೊಟ್ಟರು. "ಕರಿಕುದುರೆ ಮೊಮ್ಮಗ ಬಂದ, ನಿಮ್ಮ ನಿಮ್ಮ ಚಪ್ಪಲಿ ಹಿಡ್ಕೊಳ್ರಪ್ಪೋ!" ಎಂದು ಒಬ್ಬ ಕೂಗಿದ. ಬೂಜಮಾನಿಗೆ ಅದೂ ಹೊಗಳಿಕೆಯಾಗಿಯೇ ಕೇಳಿಸಿತು. ಮಿಲೂದನ ಅಂಗಡಿಯ ಮುಂದೆ ಬೇಕೆಂದೇ ಮೂರು ಸಲ ಹಾದುಹೋದ. ಮಿಲೂದ್ ಯಾರದೋ ತಲೆಯ ಮೇಲಿಂದ ಪತ್ರಿಕೆ ಓದುತ್ತಿದ್ದ. ಓದಿ, ಮಡಚಿ, ಜೇಬಿಗಿಟ್ಟುಕೊಂಡ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಹತ್ತೂವರೆಗೆ ಪುರಸಭೆ ಅಧ್ಯಕ್ಷ ಲಖ್ದರ್ ಸಾಹೇಬರು ಕರೆಸಿದರು. ಅವರ ಮೇಜಿನ ಮೇಲೆ ಪತ್ರಿಕೆ, ಪಕ್ಕದ ಕುರ್ಚಿಯಲ್ಲಿ ಪೊಲೀಸ್ ಠಾಣೆಯ ಮುಖ್ಯಸ್ಥ ತೂಮಿ.

"ಬೂಜಮಾ, ಇದೇನಿದು?"

"ನನ್ನ ವಂಶದ ಚರಿತ್ರೆ, ಸ್ವಾಮಿ."

"ಚರಿತ್ರೆಯಲ್ಲ ಕಣಯ್ಯ, ಇದರ ಕೆಳಗಿರೋದು! ಐನ್ ಹಮ್ರಾ ಪುರಸಭೆ, ಗರ್ಬೂಸ್ ಕುಲದ ಕುರಿ ಕದ್ದದ್ದು ನಿಜ ಅಂತ ದೃಢೀಕರಿಸಿದೆ! ನಾನು ಗೆದ್ದಿರೋದೇ ಗರ್ಬೂಸರ ವೋಟಿಂದ!"

ತೂಮಿ ಪೆನ್ನು ತೆರೆದ. "ಕಳವು ನಡೆದ ದಿನಾಂಕ?"

"ಸುಮಾರು... ಫ್ರೆಂಚರು ಬಂದ ಹೊಸದರಲ್ಲಿ."

"ಕಳವಾದ ಮಾಲು ಈಗ ಎಲ್ಲಿದೆ?"

"ತಿಂದಿರ್ತಾರೆ, ಸ್ವಾಮಿ."

"ಹಂಡೆ?"

ಬೂಜಮಾನಿಗೆ ಹಂಡೆ ಬರೆಸಬಾರದಿತ್ತು ಎನ್ನಿಸಿತು.

"ನೋಡಪ್ಪ," ತೂಮಿ ಪೆನ್ನು ಮುಚ್ಚಿದ, "ನನ್ನ ಚಿಕ್ಕಪ್ಪನ ಮಗ ಸ್ಟುಟ್‌ಗಾರ್ಟಲ್ಲಿದಾನೆ. ಅಲ್ಲಿ ರಝಿಯಾ ಮಾಡೋದು ಪೊಲೀಸರ ಹಕ್ಕು. ನ್ಯಾಯವಾಗಿ ಆ ಮಾತು ನಮ್ಮ ಇಲಾಖೆಗೆ ಸೇರ್ಬೇಕು. ನಿಂಗಲ್ಲ, ನಿನ್ನ ಭಾವನಿಗೂ ಅಲ್ಲ."

"ಅದೆಲ್ಲ ಆಮೇಲೆ" ಎಂದರು ಅಧ್ಯಕ್ಷರು. "ಪತ್ರ ಸುಳ್ಳು ಅಂದ್ರೆ ಸುಳ್ಳಿಗೆ ಸರ್ಕಾರದ ಮೊಹರು ಒತ್ತಿದ್ದೀಯ, ಮೊಹರು ಇಲ್ಲಿಟ್ಟು ಮನೆಗೆ ಹೋಗು. ನಿಜ ಅಂದ್ರೆ ಗರ್ಬೂಸರ ಹತ್ರ ನೀನೇ ಹೋಗಿ ಸರಿಮಾಡ್ಕೋ. ನಿಜವೋ ಸುಳ್ಳೋ?"

ಇಬ್ಬರೂ ನೋಡುತ್ತಿದ್ದರು. ಕಿಟಕಿಯಾಚೆ ಮಿಲೂದನ ಅಂಗಡಿಯ ಫಲಕ ಕಾಣುತ್ತಿತ್ತು.

"ನಿಜ" ಎಂದ ಬೂಜಮಾ.

ಮನೆಯಲ್ಲಿ ಒಲೆ ಹತ್ತಿರಲಿಲ್ಲ. ಖೈರಾ ನಡುಮನೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳೂ ಗರ್ಬೂಸರ ಮಗಳೇ ಎಂಬುದು ಪತ್ರ ಬರೆಸುವಾಗ ಬೂಜಮಾನ ತಲೆಗೆ ಬಂದಿರಲಿಲ್ಲ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೆ ಇಂಥವು ಮರೆತುಹೋಗುತ್ತವೆ.

"ನಮ್ಮಜ್ಜಿ ಹಂಡೆ ಎಲ್ಲಿ?"

"ಲೇ, ನಿಂಗೆ ಗೊತ್ತಲ್ಲೇ, ಯಾವ ಹಂಡೇನೂ ಇಲ್ಲ..."

"ನಂಗೇನು ಗೊತ್ತು? ಮೊಹರು ಬಿದ್ದಿದೆಯಂತಲ್ಲ! ಇಷ್ಟು ವರ್ಷ ದರೋಡೆಕೋರರ ಮನೇಲಿ ರವೆ ಜರಡಿ ಹಿಡಿದೆ ಅಂತ ನಂಗೇನು ಗೊತ್ತಿತ್ತು? ಹಂಡೆ ತಂದಿಡಿ, ಆಮೇಲೆ ಅಡುಗೆ ಕೇಳಿ."

ಆ ವಾರ ಬೂಜಮಾ ಬ್ರೆಡ್ಡು ಮತ್ತು ಮಿಲೂದನ ಅಂಜೂರದ ಮೇಲೆ ಬದುಕಿದ.

ಹಬ್ಬಕ್ಕೆ ಮೂರು ದಿನ ಇರುವಾಗ, ಬೆಳಿಗ್ಗೆ ಹತ್ತರ ಹೊತ್ತಿಗೆ, ಓಣಿಯ ತುದಿಯಲ್ಲಿ ಧೂಳು ಎದ್ದಿತು. ಐದು ಪಿಕಪ್ ಗಾಡಿಗಳು. ತುಂಬ ಬಿಳಿ ರುಮಾಲುಗಳು. ಬಯಲು ಸೀಮೆಯಿಂದ ಗರ್ಬೂಸ್ ಕುಲದ ನಲವತ್ತು ಹಿರಿಯರು ಇಳಿದು, ಬೂಜಮಾನ ಬಾಗಿಲ ಮುಂದೆ ಸಾಲಾಗಿ ನಿಂತರು. ಓಣಿಯ ಕಿಟಕಿಗಳೆಲ್ಲ ತೆರೆದವು. ಬೂಜಮಾ ಬಾಗಿಲ ಹಿಂದೆ ನಿಂತು, ತನಗೆ ಗೊತ್ತಿದ್ದ ಪ್ರಾರ್ಥನೆಗಳನ್ನೆಲ್ಲ ಒಂದರ ಮೇಲೊಂದು ಹೇಳಿಕೊಂಡ. ಕೋವಿ ಯಾರ ಕೈಯಲ್ಲೂ ಕಾಣಲಿಲ್ಲ. ಊರುಗೋಲು ಮಾತ್ರ ಎಲ್ಲರ ಕೈಯಲ್ಲೂ ಇತ್ತು.

ತೊಂಬತ್ತರ ಶೇಖ್ ಬೆಲ್ಕಾಸಿಂ ಮುಂದೆ ಬಂದರು. ಎರಡು ಕೈಯನ್ನೂ ಚಾಚಿದರು.

"ಜೆಲ್ಲೂಲನ ಮರಿಮಗನೇ, ಹೆದರಬೇಡ. ನಿನ್ನನ್ನ ಕ್ಷಮಿಸೋಕೆ ಬಂದಿದೀವಿ."

ಓಣಿಯಲ್ಲಿ ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. ಯಾರೋ ಕಣ್ಣೊರೆಸಿಕೊಂಡರು. ಬೂಜಮಾನಿಗೆ ಜೀವ ಬಂದಂತಾಯಿತು. ಅವರ ತಲೆಗೆ ಮುತ್ತಿಟ್ಟು, "ದೊಡ್ಡ ಮನಸ್ಸು ನಿಮ್ಮದು, ಶೇಖರೇ! ಕ್ಷಮಿಸಿದ್ದೀರಿ, ಸಂತೋಷ! ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ, ಹೋಗಿ ಬನ್ನಿ!" ಎಂದ.

ಯಾರೂ ಕದಲಲಿಲ್ಲ. ನಲವತ್ತು ಜನ ನಿಧಾನಕ್ಕೆ ನೆಲದ ಮೇಲೆ ಕೂತರು. ಕ್ಷಮೆ ಎನ್ನುವುದು ನಮ್ಮಲ್ಲಿ ಬಾಯಿಮಾತಿನಲ್ಲಿ ಮುಗಿಯುವುದಿಲ್ಲ. ತಪ್ಪು ಮಾಡಿದವನು ತನ್ನ ಮನೆಯ ಅತ್ಯುತ್ತಮ ಪ್ರಾಣಿಯನ್ನು ಹೊಸ್ತಿಲಲ್ಲಿ ಕೊಯ್ದು, ಬಂದವರೆಲ್ಲ ಅವನ ಉಪ್ಪು ತಿಂದು ಎದ್ದರೆ ಮಾತ್ರ ಹಳೆಯ ರಕ್ತ ಒಣಗುತ್ತದೆ. ಬೂಜಮಾನಿಗೆ ಇದು ಗೊತ್ತಿತ್ತು. ಬೇರೆಯವರ ವಿಷಯದಲ್ಲಿ ಗೊತ್ತಿತ್ತು.

ಅಂಗಳದಿಂದ ಪಾಷಾ ಬ್ಯಾ ಎಂದಿತು. ನಲವತ್ತು ರುಮಾಲುಗಳು ಒಟ್ಟಿಗೆ ಆ ಕಡೆ ತಿರುಗಿದವು.

"ಮಾಷಾ ಅಲ್ಲಾ" ಎಂದರು ಶೇಖ್ ಬೆಲ್ಕಾಸಿಂ.

ಆಗ ಪಕ್ಕದ ಬಾಗಿಲಿಂದ ಮಿಲೂದ್ ಬಂದ. ಹಾಜಿಗಳ ಬಿಳಿ ನಿಲುವಂಗಿ, ಮುಖದ ತುಂಬ ಅನುಕಂಪ. ಬೂಜಮಾನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ, "ಹಿರಿಯರೇ, ನಮ್ಮ ಬೂಜಮಾ ಬಡವ. ಇಷ್ಟು ಜನಕ್ಕೆ ಅವನ ಕೈಲಿ ಆಗ್ದೇ ಇರಬಹುದು. ಬೇಕಾದ್ರೆ ನನ್ನ ಟಗರನ್ನೇ ತಗೊಳ್ಳಿ, ಪಾಪ" ಎಂದ.

ಪಾಪ! ಆ ಎರಡಕ್ಷರ ಬೂಜಮಾನ ಎದೆಗೆ ನೆಟ್ಟಿತು. ಇದು ಅವನ ಪಾಲಿಗೆ ಬದುಕು ಸಾವಿನ ಗಳಿಗೆ. ಒಳಗೆ ಹೋಗಿ ಬಾಗಿಲ ಸಂದಿಯಲ್ಲಿ ನಿಂತಿದ್ದ ಖೈರಾಳನ್ನು ನೋಡಿದ. ಅವಳ ಕೈಯಲ್ಲಿ ಮುತ್ತಜ್ಜನ ಜರಡಿ ಇತ್ತು. ಕಣ್ಣಲ್ಲಿ ಕೋಪ ಇರಲಿಲ್ಲ. ಹನ್ನೊಂದು ತಿಂಗಳು ಪಾಷಾನಿಗೆ ನೀರಿಟ್ಟವಳು ಅವಳೇ.

"ರೀ, ಸುಮ್ನೆ ನಿಜ ಹೇಳ್ಬಿಡಿ. ಈ ಜರಡಿ ತಗೊಂಡು ಹೋಗಿ ತೋರಿಸ್ತೀನಿ. ಜರಡಿ ಮಾರೋರು ಯಾರ ಕುರೀನೂ ಹೊಡೀಲಿಲ್ಲ ಅಂದ್ರೆ ಎದ್ದು ಹೋಗ್ತಾರೆ. ಪಾಷಾ ಉಳಿಯುತ್ತೆ."

"ಮೊಹರು ಹೋಗುತ್ತಲ್ಲೇ."

"ಅಧ್ಯಕ್ಷರ ಕಾಲು ಹಿಡಿದ್ರೆ ಮೊಹರು ಸಿಗುತ್ತೆ. ಪಾಷಾ ಸಿಗಲ್ಲ. ಹಬ್ಬದ ಹೊತ್ತಿಗೆ ಸಂತೇಲಿ ಇಂಥದ್ದು ಎಲ್ಲಿ ತರ್ತೀರಿ?"

ಬೂಜಮಾ ಜರಡಿಯನ್ನು ನೋಡಿದ, ಅಂಗಳದ ಕಡೆ ನೋಡಿದ. ನಿಜ ಹೇಳಲು ಬಾಯಿ ತೆರೆದದ್ದೂ ಹೌದು. ಆದರೆ ತೆರೆದ ಬಾಗಿಲಲ್ಲಿ ಮಿಲೂದ್ ನಿಂತಿದ್ದ. ತಲೆ ಓರೆ ಮಾಡಿಕೊಂಡು, ಅದೇ ಪಾಪ ಎನ್ನುವ ಮುಖದಲ್ಲಿ ಕಾಯುತ್ತಿದ್ದ.

"ನಮ್ಮ ಮುತ್ತಜ್ಜ ನೂರು ಕುರಿ ಹೊಡೆದವನು!" ಬೂಜಮಾನ ಕೂಗು ಓಣಿಯ ಆ ತುದಿಗೆ ಕೇಳಿಸಿತು. "ಅವನ ಮರಿಮಗನಿಗೆ ಒಂದು ಟಗರು ಯಾವ ಲೆಕ್ಕ? ಯಾರ ಟಗರೂ ಬೇಡ! ಚೂರಿ ತನ್ನಿ!"

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಬೂಜಮಾನ ವಿಷಯದಲ್ಲಿ ಮಾಡಿದ್ದು ಅವನು, ಉಂಡದ್ದು ನಲವತ್ತು ಜನ. ಪಾಷಾ ಹೊಸ್ತಿಲಲ್ಲಿ ಒರಗಿತು. ಬೂಜಮಾ ಗೋಡೆಯ ಕಡೆ ತಿರುಗಿ ನಿಂತು, ಹೊಗೆ ಕಣ್ಣಿಗೆ ಹೋಯಿತು ಎಂದ. ಬೆಂಕಿ ಇನ್ನೂ ಹೊತ್ತಿಸಿರಲಿಲ್ಲ. ಖೈರಾ ಒಲೆ ಹೂಡಿದಳು. ಇಡೀ ಟಗರು ಕೆಂಡದ ಮೇಲೆ ತಿರುಗಿತು, ಕುಸ್‌ಕುಸ್ ಬುಟ್ಟಿಬುಟ್ಟಿಯಾಗಿ ಹೋಯಿತು, ಮಜ್ಜಿಗೆಯ ಮಡಕೆ ತಳ ಕಂಡಿತು. ತಂದ ದಿನದಿಂದ ಬೀದಿಗೆ ಕಾಣುವಂತೆ ಉರಿಯುತ್ತಿದ್ದ ಫ್ರಿಜ್ಜಿನ ದೀಪದ ಮುಂದೆ ಈಗ ಒಂದು ನಿಂಬೆಹಣ್ಣು ಮಾತ್ರ ಉಳಿಯಿತು. ಅಧ್ಯಕ್ಷರು ಎರಡು ಕುಲಗಳ ಸ್ನೇಹದ ಬಗ್ಗೆ ಭಾಷಣ ಮಾಡಿ ಒಂದು ತೊಡೆ ತಿಂದರು. ತೂಮಿ ಶಾಂತಿ ಸುವ್ಯವಸ್ಥೆಗೆಂದು ಬಂದು ಪಕ್ಕೆಲುಬಿನ ಹತ್ತಿರ ಪಹರೆ ಕೂತ. ಫ್ರಾನ್ಸಿನ ಮದುವೆ ಮೇಜಿಗೆ ಯಾವ ಮಾತು ಸಲ್ಲುತ್ತದೆಂದು ನಜೀಬ್ ಹೇಳಿದ್ದನೋ, ಅದು ಅಂದು ಬೂಜಮಾನ ಮನೆಗೆ ಅಕ್ಷರಶಃ ಸಂದಿತು.

ಎಲ್ಲರಿಗಿಂತ ಹೆಚ್ಚು ತಿಂದವನು ಮಿಲೂದ್. ತಲೆ ಎತ್ತದೆ, ಹಗೆ ತೀರಿಸುವವನ ಹಾಗೆ ತಿಂದ. ಬೂಜಮಾನಿಗೆ ಒಂದು ತುತ್ತು ಇಳಿಯಲಿಲ್ಲ.

ಸಂಜೆಯ ಪ್ರಾರ್ಥನೆಗೆ ಮುನ್ನ ಗಾಡಿಗಳು ಹೊರಟವು. ಶೇಖ್ ಬೆಲ್ಕಾಸಿಂರನ್ನು ಬೂಜಮಾ ಕೈಹಿಡಿದು ಮೇಲೆ ಹತ್ತಿಸಿದ. ಮುದುಕರು ಕೂತು, ಹಲ್ಲುಕಡ್ಡಿ ಹುಡುಕಿಕೊಂಡು, ಅವನನ್ನು ಹತ್ತಿರಕ್ಕೆ ಕರೆದರು.

"ಮಗಾ, ಉಪ್ಪು ತಿಂದಿದೀನಿ, ನಿಂಗೆ ಸುಳ್ಳು ಹೇಳಬಾರ್ದು. ನಿಮ್ಮ ಜೆಲ್ಲೂಲನ ವಿಚಾರ ನಮ್ಮಪ್ಪ ಹೇಳ್ತಿದ್ದ. ಜರಡಿ ಮಾರೋನು. ಒಳ್ಳೇ ಜರಡಿ."

ಬೂಜಮಾ ಗಾಡಿಯ ಅಂಚು ಹಿಡಿದುಕೊಂಡ. "ಮತ್ತೆ... ಕ್ಷಮಿಸೋಕೆ ಬಂದ್ರಲ್ಲ?"

"ನಮ್ಮ ಹುಡುಗರು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗ್ತಾರೆ. ಯಾರನ್ನಾದ್ರೂ ಕ್ಷಮಿಸಿ ಮೂವತ್ತು ವರ್ಷ ಆಗಿತ್ತು ಕಣಪ್ಪ, ಅದರ ರುಚಿಯೇ ಮರೆತುಹೋಗಿತ್ತು. ಆ ಗಜ್ಯಾ ದಿನ ನಮ್ಮ ಗಂಡಸ್ರು ಯಾಕೆ ಅಡ್ಡ ಬರ್ಲಿಲ್ಲ ಗೊತ್ತಾ? ಅವ್ರು ಬೇರೆಯವ್ರ ಮೇಲೆ ಗಜ್ಯಾಕ್ಕೆ ಹೋಗಿದ್ರು." ಮುದುಕರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ಆದ್ರೂ ನಾವು ಬರ್ತಿರ್ಲಿಲ್ಲ. ಮಿಲೂದ್ ಎರಡು ಸಲ ಬಸ್ಸು ಹತ್ತಿ ಬಂದ. ಪತ್ರಿಕೆ ಓದಿ ಹೇಳ್ದ. ಹಬ್ಬಕ್ಕೆ ಮುಂಚೇನೇ ಬನ್ನಿ, ಅಂದ."

"ಮಿಲೂದ?"

"ನಿದ್ದೆ ಬರ್ತಿಲ್ವಂತೆ ಪಾಪ ಅವನಿಗೆ. ಕಣ್ಣು ಮುಚ್ಚಿದ್ರೆ ಕೊಂಬು ಕಾಣುತ್ತಂತೆ. ಎರಡು ಸುತ್ತು ಸುತ್ತಿ ಮೂರನೇದಕ್ಕೆ ಹೊರಟಿದೆ ಶೇಖರೇ, ನಾನು ಆ ಬೀದೀಲಿ ಹಬ್ಬದ ದಿನ ಹೇಗೆ ತಲೆ ಎತ್ತಿ ನಡೀಲಿ ಅಂತ, ಹಾಜಿಯಾದವನು, ಕಣ್ಣಲ್ಲಿ ನೀರು ಹಾಕಿದ."

ಗಾಡಿ ಹೋಯಿತು. ಬೂಜಮಾ ಧೂಳಿನಲ್ಲಿ ಹಾಗೇ ನಿಂತಿದ್ದ. ಖೈರಾ ಓಡಿ ಬಂದಳು. ಗಂಡನಿಗೆ ಎದೆ ಒಡೆಯಿತೆಂದೇ ಹೆದರಿದ್ದಳು.

"ಖೈರಾ," ಅವನು ಅವಳ ತೋಳು ಹಿಡಿದುಕೊಂಡ, "ನಿಮ್ಮಣ್ಣ... ನಿಮ್ಮಣ್ಣ ನನ್ನ ಕಂಡು ಹೊಟ್ಟೆ ಉರ್ಕೊಂಡಿದಾನಂತೆ ಕಣೇ!"

"ಅಯ್ಯೋ, ಬೇಜಾರು ಮಾಡ್ಕೋಬೇಡಿ..."

"ಬೇಜಾರಾ? ನಿದ್ದೆ ಬಿಟ್ಟಿದಾನಂತೆ! ಎರಡು ಸಲ ಬಸ್ಸು ಹತ್ತಿದಾನಂತೆ! ಈ ಬಿಸಿಲಲ್ಲಿ! ನನಗೋಸ್ಕರ!" ಬೂಜಮಾನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಈ ಸಲ ಹೊಗೆಯ ಮಾತೆತ್ತಲಿಲ್ಲ.

ಹಬ್ಬದ ದಿನ ಐನ್ ಹಮ್ರಾದಲ್ಲಿ ಟಗರಿಲ್ಲದ ಮನೆ ಒಂದೇ. ಆ ಮನೆಯ ಯಜಮಾನ ನಮಾಜಿನಿಂದ ಬಂದವನೇ ಏಣಿ ಹಾಕಿ, ತೊಳೆದು ಎಣ್ಣೆ ಹಚ್ಚಿ ಮಿರಿಮಿರಿ ಮಾಡಿದ ಒಂದು ಜೊತೆ ಕೊಂಬನ್ನು ಬೀದಿ ಬಾಗಿಲ ಮೇಲೆ ಬಡಿದ. ಮಿಲೂದನ ಬಾಗಿಲಿಂದ ಯಾರು ಹೊರಬಂದರೂ ಮೊದಲು ಅದೇ ಕಾಣಬೇಕು, ಹಾಗೆ ಸ್ವಲ್ಪ ಓರೆಯಾಗಿ ಬಡಿದ. ಓರೆಯಾಗಿ ಕೂರಿಸುವುದು ಅವನಿಗೆ ಕರಗತ ವಿದ್ಯೆ.

ಮಧ್ಯಾಹ್ನ ಮಿಲೂದ್ ತಟ್ಟೆ ಹಿಡಿದು ಬಂದ. ನೆಂಟರಿಗೆ, ಹಬ್ಬ ಇಲ್ಲದವರಿಗೆ ಕಳಿಸಬೇಕಾದ ಪಾಲು. ಮೇಲೆ ಬಟ್ಟೆ ಮುಚ್ಚಿತ್ತು. ಹೊಸ್ತಿಲ ಹತ್ತಿರ ಬಂದವನು ತಲೆ ಎತ್ತಿದ, ಎತ್ತಿದವನು ಇಳಿಸಲಿಲ್ಲ.

"ಭಾವ," ಬೂಜಮಾ ಎಂದೂ ಇಲ್ಲದ ಅಕ್ಕರೆಯಿಂದ ತಟ್ಟೆ ತೆಗೆದುಕೊಂಡ, "ಕೊಂಬು ಹೇಗಿದೆ?"

ಮಿಲೂದನ ಕಣ್ಣು ಕೊಂಬಿನ ಸುತ್ತು ಹಿಡಿದು ಮೇಲೆ ಹೋಗಿ ಕೆಳಗೆ ಬಂತು.

"ಚೆನ್ನಾಗಿದೆ" ಎಂದ. ತಿರುಗಿ ಹೋದ.

ಬೂಜಮಾ ತಟ್ಟೆ ಹಿಡಿದು ಒಳಗೆ ಓಡಿದ.

"ಕೇಳಿಸ್ತೇನೇ? ಅಂದ ನೋಡು! ಕೇಳಿಸ್ತಾ ನಿಂಗೆ?"

"ಕೇಳಿಸ್ತು ರೀ. ಮಾಂಸ ಆರುತ್ತೆ, ಕೂತು ತಿನ್ನಿ."

ಕೂತ. ಒಂದು ತುಂಡು ಬಾಯಿಗಿಟ್ಟುಕೊಂಡ. ಮೇಕೆಯಂಥ ಟಗರಾದರೂ ಸಿಹಿಯಾಗಿತ್ತು. ಈ ಸಲ ಬೈಯಲಿಲ್ಲ. ಎರಡನೆಯ ತುಂಡಿಗೆ ಕೈ ಚಾಚಿದವನು ಎದ್ದು ನಿಂತ.

"ಎಲ್ಲಿಗ್ರೀ?"

"ಮಾಂಸ ಬೇರೆ ಪಾತ್ರೆಗೆ ಹಾಕು, ತಟ್ಟೆ ವಾಪಸ್ ಕೊಡ್ಬೇಕಲ್ಲ. ಅವನನ್ನ ಬಾಗಿಲಿಗೆ ಕರೆದು, ಇನ್ನೊಂದು ಸಲ ಕೇಳಿಸ್ಕೊಂಡು ಬರ್ತೀನಿ."